ಪೋಸ್ಟ್ 3670ಕ್ಕೆ ಬಂದ ಹೆಸರು

1948ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಗೆ ಇಟಲಿಯಿಂದ ಒಬ್ಬ ಸೈನಿಕನ ದೇಹ ಬಂತು. ಅವನು ಸತ್ತು ನಾಲ್ಕು ವರ್ಷವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಹೊರದೇಶಗಳ ಮಣ್ಣಿನಲ್ಲಿ ಹೂತಿದ್ದ ಅಮೆರಿಕನ್ ಯೋಧರನ್ನು ಅಲ್ಲೇ ಬಿಡಬೇಕೋ ಊರಿಗೆ ತರಬೇಕೋ ಎಂಬುದನ್ನು ಸರ್ಕಾರ ಮನೆಯವರ ಇಷ್ಟಕ್ಕೆ ಬಿಟ್ಟಿತ್ತು. ಈ ಮನೆಯವರು ತರಿಸಿಕೊಂಡರು. ತಮ್ಮ ತೋಟದ ಮನೆಗೆ ಹತ್ತಿರವಿದ್ದ ವೆಸ್ಟ್‌ಮಿನ್‌ಸ್ಟರ್ ಮೆಮೋರಿಯಲ್ ಪಾರ್ಕ್ ಎಂಬ ಸ್ಮಶಾನದಲ್ಲಿ ಜಾಗ ಕೇಳಿದರು. ಹುಲ್ಲು, ಮರ ಬೆಳೆದಿರುವ ಒಳ್ಳೆಯ ಭಾಗ ಬಿಳಿಯರಿಗೆ ಮಾತ್ರ, ಕರಾರುಪತ್ರದಲ್ಲೇ ಹಾಗಿದೆ ಎಂಬ ಉತ್ತರ ಬಂತು.

ಸತ್ತವನು ಸ್ಟಾಫ್ ಸಾರ್ಜೆಂಟ್ ಕಜುವೊ ಮಸುಡಾ. ಅಮೆರಿಕದಲ್ಲೇ ಹುಟ್ಟಿ ಅಮೆರಿಕದ ಸಮವಸ್ತ್ರದಲ್ಲೇ ಸತ್ತವನು. ಅಮೆರಿಕದ ಸೇನೆ ಕೊಡುವ ಶೌರ್ಯಪದಕಗಳಲ್ಲಿ ಎರಡನೆಯದಾದ ಡಿಸ್ಟಿಂಗ್ವಿಷ್ಡ್ ಸರ್ವೀಸ್ ಕ್ರಾಸ್ ಅವನಿಗೆ ಬಂದು ಆಗಲೇ ಮೂರು ವರ್ಷವಾಗಿತ್ತು. ಅವನ ಅಪ್ಪ ಅಮ್ಮ ಜಪಾನಿನಿಂದ ಬಂದವರು ಎಂಬುದೊಂದೇ ಸ್ಮಶಾನದವರ ತಕರಾರು.

ಇಂದು ಅದೇ ಆರೆಂಜ್ ಕೌಂಟಿಯಲ್ಲಿ ಮಾಜಿ ಸೈನಿಕರ ಒಂದು ಪೋಸ್ಟ್ ಇದೆ. ವೆಟರನ್ಸ್ ಆಫ್ ಫಾರಿನ್ ವಾರ್ಸ್, ಅಂದರೆ ಎಲ್ಲರೂ ವಿಎಫ್‌ಡಬ್ಲ್ಯು ಎಂದು ಕರೆಯುವ ಸಂಘಟನೆಯ 3670ನೇ ಪೋಸ್ಟ್. ಹೆಸರು ಕಜುವೊ ಮಸುಡಾ ಮೆಮೋರಿಯಲ್ ಪೋಸ್ಟ್. ಆರಡಿ ಮೂರಡಿ ನೆಲ ಕೊಡಲು ಹಿಂಜರಿದ ಊರಿನಲ್ಲಿ ಆ ಹೆಸರು ನಿಂತದ್ದು ಹೇಗೆ ಎಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಮಾಜಿ ಸೈನಿಕರ ಸಂಘಗಳಿಗೆ ಸಾಮಾನ್ಯವಾಗಿ ಜಿಲ್ಲೆಯ ಅಥವಾ ತಾಲ್ಲೂಕಿನ ಹೆಸರಿರುತ್ತದೆ. ಅಮೆರಿಕದಲ್ಲಿ ಪದ್ಧತಿ ಬೇರೆ. 1899ರಲ್ಲಿ ಸ್ಪೇನ್ ಯುದ್ಧದಿಂದ ಮರಳಿದವರು ಕಟ್ಟಿದ ಸಂಘಗಳಿಂದ ಬೆಳೆದದ್ದು ವಿಎಫ್‌ಡಬ್ಲ್ಯು. 1919ರಲ್ಲಿ ಮೊದಲ ಮಹಾಯುದ್ಧ ಮುಗಿಸಿದವರು ಪ್ಯಾರಿಸ್ಸಿನಲ್ಲಿ ಸೇರಿ ಹುಟ್ಟುಹಾಕಿದ್ದು ಅಮೆರಿಕನ್ ಲೀಜನ್. ಎರಡಕ್ಕೂ ಊರೂರಿನಲ್ಲಿ ಘಟಕಗಳಿವೆ, ಅವುಗಳನ್ನು ಪೋಸ್ಟ್ ಎನ್ನುತ್ತಾರೆ. ಪ್ರತಿ ಪೋಸ್ಟಿಗೂ ಕೇಂದ್ರ ಸಂಸ್ಥೆ ಸನ್ನದು ಕೊಡುತ್ತದೆ, ಅದರ ಜೊತೆಗೊಂದು ಸಂಖ್ಯೆ. ಹೆಸರನ್ನು ಮಾತ್ರ ಸದಸ್ಯರೇ ಆರಿಸಿಕೊಳ್ಳುತ್ತಾರೆ. ಬದುಕಿರುವವರ ಹೆಸರನ್ನು ಪೋಸ್ಟಿಗೆ ಇಡುವಂತಿಲ್ಲ ಎಂದು ಲೀಜನ್ನಿನ ನಿಯಮವೇ ಇದೆ. ಹಾಗಾಗಿ ನೂರಾರು ಊರುಗಳಲ್ಲಿ ಪೋಸ್ಟಿಗೆ ಇರುವುದು ಆ ಊರಿನಿಂದ ಹೋಗಿ ಮರಳದ ಒಬ್ಬ ಹುಡುಗನ ಹೆಸರು.

ಪೋಸ್ಟಿನ ಕೆಲಸವೂ ಊರಿನದೇ. ಸದಸ್ಯನೊಬ್ಬ ತೀರಿಕೊಂಡರೆ ಶವಸಂಸ್ಕಾರದಲ್ಲಿ ಬಂದೂಕಿನ ಗೌರವ, ತುತ್ತೂರಿ, ಮಡಚಿದ ಬಾವುಟವನ್ನು ಹೆಂಡತಿಯ ಕೈಗೆ ಕೊಡುವುದು. ಮೇ ಕೊನೆಯ ಮೆಮೋರಿಯಲ್ ಡೇ ದಿನ ಗೋರಿಗೊಂದರಂತೆ ಪುಟ್ಟ ಬಾವುಟ ನೆಡುವುದು. ಪಿಂಚಣಿ, ಆಸ್ಪತ್ರೆಯ ಅರ್ಜಿ ತುಂಬಿಕೊಡುವುದು, ಶಾಲೆಯ ಮಕ್ಕಳಿಗೆ ವಿದ್ಯಾರ್ಥಿವೇತನ. ಶುಕ್ರವಾರ ಸಂಜೆ ಪೋಸ್ಟಿನ ಸಭಾಂಗಣದಲ್ಲಿ ಕೂತು ಎರಡು ಮಾತು. ಯುದ್ಧದಿಂದ ಬಂದವನಿಗೆ ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯವಾಗಿತ್ತು ಎಂದು ನನ್ನ ನಂಬಿಕೆ. ಮನೆಯಲ್ಲಿ ಹೇಳಲಾಗದ್ದನ್ನು ಹೇಳದೆಯೇ ಅರ್ಥಮಾಡಿಕೊಳ್ಳುವವರು ಅಲ್ಲಿರುತ್ತಿದ್ದರು. ಆ ಬಾಗಿಲು ಮುಚ್ಚಿದರೆ ಒಬ್ಬ ಯೋಧನಿಗೆ ಊರೇ ಬಾಗಿಲು ಮುಚ್ಚಿದಂತೆ.

ಮಸುಡಾ ಕುಟುಂಬ ಟಾಲ್ಬರ್ಟ್ ಎಂಬಲ್ಲಿ ತರಕಾರಿ ಬೆಳೆಯುತ್ತಿತ್ತು. ಆ ಊರಿಗೆ ಈಗ ಫೌಂಟನ್ ವ್ಯಾಲಿ ಎಂದು ಹೆಸರು. ತಂದೆ ಗೆನ್ಸುಕೆ, ತಾಯಿ ತಮಾಯೆ. ಜಪಾನಿನಿಂದ ಬಂದ ಆ ಮೊದಲ ತಲೆಮಾರಿನವರು, ಇಸ್ಸೇಯಿಗಳು, ಎಷ್ಟು ವರ್ಷ ಬದುಕಿದರೂ ಅಮೆರಿಕದ ಪೌರರಾಗುವಂತಿರಲಿಲ್ಲ. ಆ ಕಾನೂನು ಬದಲಾದದ್ದು 1952ರಲ್ಲಿ. ಪೌರತ್ವ ಸಿಗದವರು ಹೊಲ ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲೇ ಶಾಸನ ಮಾಡಿತ್ತು. ಅವರ ಮಕ್ಕಳು, ಎರಡನೇ ತಲೆಮಾರಿನ ನಿಸೇಯಿಗಳು, ಅಲ್ಲೇ ಹುಟ್ಟಿದ್ದರಿಂದ ಹುಟ್ಟಿನಿಂದಲೇ ಪೌರರು. ಒಂದೇ ಮನೆಯಲ್ಲಿ ಅಪ್ಪ ಪರದೇಶಿ, ಮಗ ಸ್ವದೇಶಿ.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದಾಗ ಕಜುವೊ ಆಗಲೇ ಸೇನೆಯಲ್ಲಿದ್ದ. ಮಗ ಸಮವಸ್ತ್ರದಲ್ಲಿರುವಾಗ ತಂದೆಯನ್ನು ಎಫ್‌ಬಿಐ ಹಿಡಿದು ಮೊಂಟಾನಾದ ಫೋರ್ಟ್ ಮಿಸೂಲಾಕ್ಕೆ ಸಾಗಿಸಿತು. ಎರಡು ತಿಂಗಳ ಮೇಲೆ, 1942ರ ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಾರು ಬಿಡಿಸಿ, ಮುಳ್ಳುತಂತಿಯ ಹತ್ತು ಶಿಬಿರಗಳಿಗೆ ಕಳಿಸಲಾಯಿತು. ಅವರಲ್ಲಿ ಮೂರನೇ ಎರಡು ಪಾಲು ಅಮೆರಿಕದ ಪೌರರು. ಮಸುಡಾ ಕುಟುಂಬ ಮೊದಲು ಅರ್ಕಾನ್ಸಾದ ಜೆರೋಮ್ ಶಿಬಿರ, ಆಮೇಲೆ ಅರಿಜೋನಾದ ಗಿಲಾ ರಿವರ್ ಶಿಬಿರ ಸೇರಿತು.

ಗಿಲಾ ರಿವರ್ ಶಿಬಿರವನ್ನು ಕಟ್ಟಿದ್ದು ಪಿಮಾ ಮೂಲನಿವಾಸಿಗಳ ನೆಲದಲ್ಲಿ, ಅವರ ಆಕ್ಷೇಪವನ್ನು ಮೀರಿ. ಇವೋ ಜಿಮಾ ದ್ವೀಪದಲ್ಲಿ ಬಾವುಟ ಏರಿಸಿದ ಪ್ರಸಿದ್ಧ ಛಾಯಾಚಿತ್ರದಲ್ಲಿರುವ ಐರಾ ಹೇಯ್ಸ್ ಅದೇ ನೆಲದ ಹುಡುಗ. ಅಲ್ಲಿನ ಲೀಜನ್ ಪೋಸ್ಟಿಗೆ ಈಗ ಅವನ ಹೆಸರು. ಒಂದೇ ನೆಲದ ಮೇಲೆ ಒಂದು ಸಮುದಾಯದ ಮಗ ಪೆಸಿಫಿಕ್ಕಿನಲ್ಲಿ ಕಾದಾಡುತ್ತಿದ್ದಾಗ ಇನ್ನೊಂದು ಸಮುದಾಯದ ತಂದೆತಾಯಿ ಅಲ್ಲೇ ಕಾವಲಿನಲ್ಲಿದ್ದರು. ಇಬ್ಬರನ್ನೂ ನೆಲ ತಪ್ಪಿಸಿ ನಿಲ್ಲಿಸಿದ ಸರ್ಕಾರ ಒಂದೇ.

ಯುದ್ಧ ಶುರುವಾದ ಮೇಲೆ ಸೇನೆ ನಿಸೇಯಿಗಳನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿ, ಶತ್ರುದೇಶದವರ ಪಟ್ಟಿಗೆ ಹಾಕಿತ್ತು. 1943ರ ಫೆಬ್ರವರಿಯಲ್ಲಿ ನಿಲುವು ಬದಲಾಯಿತು. ನಿಸೇಯಿಗಳದೇ ಒಂದು ಪಡೆ, 442ನೇ ರೆಜಿಮೆಂಟಲ್ ಕಾಂಬ್ಯಾಟ್ ಟೀಮ್, ಮಿಸಿಸಿಪ್ಪಿಯ ಕ್ಯಾಂಪ್ ಶೆಲ್ಬಿಯಲ್ಲಿ ತಯಾರಾಯಿತು. ಕೆಲವರು ಹವಾಯಿಯಿಂದ ಬಂದರು, ಕೆಲವರು ನೇರ ಶಿಬಿರಗಳಿಂದ. ರಜೆ ಸಿಕ್ಕಾಗ ಈ ಹುಡುಗರು ಸಮವಸ್ತ್ರದಲ್ಲೇ ಅರ್ಕಾನ್ಸಾದ ಶಿಬಿರಗಳಿಗೆ ಹೋಗಿ, ಕಾವಲುಗಾರರಿಗೆ ಗುರುತಿನ ಚೀಟಿ ತೋರಿಸಿ, ಒಳಗಿದ್ದ ತಮ್ಮ ಜನರನ್ನು ನೋಡಿ ಬರುತ್ತಿದ್ದರು.

ಕಜುವೊ ಎರಡನೇ ಬೆಟಾಲಿಯನ್ನಿನ ಎಫ್ ಕಂಪನಿಯಲ್ಲಿದ್ದ. 1944ರ ಜುಲೈ 6ರಂದು ಇಟಲಿಯ ಪಾಸ್ತೀನಾ ಬಳಿ ಅವನು ಮಾಡಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 60 ಮಿಲಿಮೀಟರ್ ಮಾರ್ಟರಿಗೆ ಮೂರು ಭಾಗ: ಗುಂಡು ಹಾಯುವ ಕೊಳವೆ, ಅದನ್ನು ಓರೆಯಾಗಿ ನಿಲ್ಲಿಸುವ ಎರಡು ಕಾಲು, ಕೊಳವೆಯ ಬುಡಕ್ಕೆ ಆಧಾರವಾದ ಕಬ್ಬಿಣದ ತಟ್ಟೆ. ಮೂರೂ ಸೇರಿದರೆ 19 ಕಿಲೋ. ಹೊತ್ತು ನಡೆಯಲು ಒಂದಕ್ಕಿಂತ ಹೆಚ್ಚು ಜನ ಬೇಕು, ಹಾರಿಸಲೂ ಅಷ್ಟೆ. ತಟ್ಟೆ ಇಲ್ಲದೆ ಹಾರಿಸಿದರೆ ಪ್ರತಿ ಗುಂಡಿನ ಒದೆತಕ್ಕೂ ಕೊಳವೆ ಮಣ್ಣಿಗೆ ಇಳಿಯುತ್ತದೆ, ಗುರಿ ತಪ್ಪುತ್ತದೆ. ಕಜುವೊ ಗುಂಡಿನ ಮಳೆಯಲ್ಲಿ 200 ಗಜ ತೆವಳಿಕೊಂಡು ಹೋಗಿ ಕೊಳವೆಯನ್ನೂ ಮದ್ದುಗುಂಡನ್ನೂ ಎಳೆದು ತಂದ. ತಟ್ಟೆ ಇರಲಿಲ್ಲ. ತಲೆಯ ಮೇಲಿದ್ದ ಉಕ್ಕಿನ ಹೆಲ್ಮೆಟ್ ತೆಗೆದು ಕೊಳವೆಯ ಕೆಳಗಿಟ್ಟ. ಬರಿತಲೆಯಲ್ಲಿ, ಒಬ್ಬನೇ, 12 ಗಂಟೆ ಹಾರಿಸಿದ. ಎರಡು ಪ್ರತಿದಾಳಿಗಳು ಹಿಂದಕ್ಕೆ ಹೋದವು.

ಇದಾದ ನಾಲ್ಕೇ ದಿನಕ್ಕೆ, ಜುಲೈ 10ರಂದು, ಅದೇ ಇಟಲಿಯ ಟೈಬರ್ ನದಿಯ ಮೇಲಿನ ಕಣಿವೆಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಯಕ್ ಯಶವಂತ ಘಾಡ್ಗೆ ತನ್ನ ತುಕಡಿಯವರೆಲ್ಲ ಬಿದ್ದ ಮೇಲೆ ಒಬ್ಬನೇ ಮಷಿನ್‌ಗನ್ ನೆಲೆಯ ಮೇಲೆ ನುಗ್ಗಿ, ಅದನ್ನು ಮುಗಿಸಿ, ಅಲ್ಲೇ ಗುಂಡೇಟಿಗೆ ಬಿದ್ದ. ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿ. ಇಟಲಿಯ ಆ ಬೇಸಿಗೆಯ ಯುದ್ಧವನ್ನು ಬರೀ ಬಿಳಿಯರ ಯುದ್ಧವೆಂದು ಓದಿ ಬೆಳೆದ ನಮಗೆ ಇದು ನೆನಪಿರಬೇಕು. ತಮಗೆ ಪೂರ್ತಿ ಹಕ್ಕು ಕೊಡದ ಸರ್ಕಾರಗಳ ಪರವಾಗಿ ಒಂದೇ ವಾರದಲ್ಲಿ, ಒಂದೇ ದೇಶದ ಗುಡ್ಡಗಳಲ್ಲಿ, ಇಬ್ಬರು ಹೀಗೆ ಹೋರಾಡಿದರು.

ಆಗಸ್ಟ್ 27ರ ರಾತ್ರಿ ಆರ್ನೋ ನದಿಯ ಉತ್ತರ ದಡದಲ್ಲಿ ನೆಲಬಾಂಬುಗಳ ನಡುವೆ ಕಜುವೊ ಒಂದು ಗಸ್ತು ತಂಡವನ್ನು ಕರೆದೊಯ್ಯುತ್ತಿದ್ದ. ಎಡಕ್ಕೂ ಬಲಕ್ಕೂ ಸದ್ದು ಕೇಳಿತು. ಎರಡೂ ಕಡೆ ಶತ್ರು ಬಳಸಿ ಬಂದಿರುವುದು ಗೊತ್ತಾಯಿತು. ತನ್ನವರಿಗೆ ಹಿಂದಿರುಗಲು ಹೇಳಿ, ತಾನು ಸಬ್‌ಮಷಿನ್‌ಗನ್ ಹಾರಿಸುತ್ತ ಮುಂದಕ್ಕೆ ನಡೆದ. ಅವರು ನದಿ ದಾಟಿ, ಕಂಡದ್ದನ್ನು ವರದಿ ಮಾಡಿದರು. ಅವನು ದಾಟಲಿಲ್ಲ.

ಅವನ ಅಮ್ಮ ಅಪ್ಪನಿಗೆ ಈ ಸುದ್ದಿ ತಲುಪಿದಾಗ ಕುಟುಂಬ ಇನ್ನೂ ಸ್ವಂತ ಮನೆಗೆ ಮರಳಿರಲಿಲ್ಲ.

ಆ ವರ್ಷದ ನವೆಂಬರ್ 29ರಂದು ಆರೆಗಾನ್ ರಾಜ್ಯದ ಹುಡ್ ರಿವರ್ ಎಂಬಲ್ಲಿ ಮಾಜಿ ಸೈನಿಕರೇ ಒಂದು ಕೆಲಸ ಮಾಡಿದರು. ಅಲ್ಲಿನ ನ್ಯಾಯಾಲಯದ ಗೋಡೆಯ ಮೇಲೆ ಸೇನೆಯಲ್ಲಿದ್ದ ಸ್ಥಳೀಯರೆಲ್ಲರ ಹೆಸರಿನ ಫಲಕವಿತ್ತು. ಊರಿನ ಲೀಜನ್ ಪೋಸ್ಟ್ ಅದರಿಂದ 16 ನಿಸೇಯಿಗಳ ಹೆಸರನ್ನು ಅಳಿಸಿಹಾಕಿತು. ಅವರಲ್ಲೊಬ್ಬ, ಗುಪ್ತಚರ ವಿಭಾಗದ ಫ್ರಾಂಕ್ ಹಾಚಿಯಾ, ಒಂದೇ ತಿಂಗಳಲ್ಲಿ ಫಿಲಿಪ್ಪೀನ್ಸಿನ ಲೇಟೆ ದ್ವೀಪದಲ್ಲಿ ಗುಂಡು ತಗಲಿ, 1945ರ ಜನವರಿ 3ರಂದು ಸತ್ತ. ದೇಶದ ಪತ್ರಿಕೆಗಳು, ಮುಂಚೂಣಿಯಲ್ಲಿದ್ದ ಸೈನಿಕರು, ಕೊನೆಗೆ ಲೀಜನ್ನಿನ ಮೇಲಿನವರೂ ಛೀಮಾರಿ ಹಾಕಿದ ಮೇಲೆ ವಸಂತಕಾಲದಲ್ಲಿ ಹೆಸರುಗಳು ಗೋಡೆಗೆ ಮರಳಿದವು. ಸತ್ತವನ ಹೆಸರನ್ನು ಬರೆಯುವ ಹಕ್ಕು ಯಾರ ಕೈಯಲ್ಲಿದೆಯೋ ಅವರಿಗೆ ಅಳಿಸುವ ಶಕ್ತಿಯೂ ಇದೆ. ಇದನ್ನು ನಿಸೇಯಿ ಯೋಧರು ಕಣ್ಣಾರೆ ಕಂಡರು.

1945ರ ಮೇ ತಿಂಗಳಲ್ಲಿ ಕಜುವೊನ ತಂಗಿ ಮೇರಿ ಒಬ್ಬಳೇ ಟಾಲ್ಬರ್ಟಿಗೆ ಬಂದಳು. ಮನೆಗೆ ಮರಳಬಹುದೇ ಎಂದು ನೋಡಲು. ಕೆಲವು ಗಂಡಸರು ಬಂದು, ಇಲ್ಲಿ ನಿಂತರೆ ನೆಟ್ಟಗಾಗುವುದಿಲ್ಲ ಎಂದು ಬೆದರಿಸಿದರು. ಆ ವರ್ಷ ಜನವರಿಯಿಂದ ಮೇವರೆಗೆ ಕ್ಯಾಲಿಫೋರ್ನಿಯಾದಲ್ಲಿ ಶಿಬಿರದಿಂದ ಮರಳಿದವರ ಮೇಲೆ ಗುಂಡು ಹಾರಿಸಿದ, ಬೆಂಕಿ ಹಚ್ಚಿದ, ಬೆದರಿಸಿದ 24 ಪ್ರಕರಣ ನಡೆದಿವೆ ಎಂದು ಒಳನಾಡು ಖಾತೆಯ ಕಾರ್ಯದರ್ಶಿ ಹೆರಾಲ್ಡ್ ಇಕ್ಸ್ ಬಹಿರಂಗವಾಗಿ ಖಂಡಿಸಿದರು. ಮೇರಿಯ ಕಥೆ ಪತ್ರಿಕೆಗಳಿಗೆ ಹೋಯಿತು.

ಡಿಸೆಂಬರ್ 8ರಂದು, ಪರ್ಲ್ ಹಾರ್ಬರ್ ನಡೆದು ನಾಲ್ಕು ವರ್ಷ ಒಂದು ದಿನಕ್ಕೆ, ಜನರಲ್ ಜೋಸೆಫ್ ಸ್ಟಿಲ್‌ವೆಲ್ ಆ ತೋಟದ ಮನೆಗೆ ಬಂದರು. ನಮ್ಮವರಿಗೆ ಈ ಹೆಸರು ಹೊಸದಲ್ಲ. 1942ರಲ್ಲಿ ಬರ್ಮಾದಿಂದ ನಡೆದೇ ಇಂಫಾಲ ಸೇರಿದವರು ಅವರು. ಅಸ್ಸಾಮಿನ ಲೇಡೋದಿಂದ ಕಾಡು ಕಡಿದು ಚೀನಾದ ಕಡೆಗೆ ಮಾಡಿಸಿದ ರಸ್ತೆಗೆ ಅವರದೇ ಹೆಸರು. ಮುಂಬಯಿಯಲ್ಲಿ ಇಳಿದು ಬರ್ಮಾದ ಕಾಡಿಗೆ ಹೋದ ಮೆರಿಲ್ಸ್ ಮರಾಡರ್ಸ್ ಪಡೆಯಲ್ಲಿ 14 ನಿಸೇಯಿ ದುಭಾಷಿಗಳಿದ್ದರು. ಕತ್ತಲಲ್ಲಿ ಶತ್ರುವಿನ ಹತ್ತಿರಕ್ಕೆ ತೆವಳಿ, ಅವರ ಆಜ್ಞೆಗಳನ್ನು ಕೇಳಿಸಿಕೊಂಡು ಬಂದು ಹೇಳಿದವರು. ನಿಸೇಯಿಗಳ ಬಗ್ಗೆ ಸ್ಟಿಲ್‌ವೆಲ್ ಆಡುತ್ತಿದ್ದ ಬಿರುಸಾದ ಮಾತಿಗೆ ಆ ಕಾಡಿನ ಅನುಭವ ಹಿಂದಿತ್ತು. ಈ ಹುಡುಗರು ತಮ್ಮ ರಕ್ತ ಕೊಟ್ಟು ಅಮೆರಿಕದ ದೊಡ್ಡ ತುಂಡನ್ನೇ ಕೊಂಡುಕೊಂಡಿದ್ದಾರೆ ಎಂಬುದು ಅವರ ಮಾತಿನ ತಾತ್ಪರ್ಯ. ಮರಳಿ ಬಂದ ನಿಸೇಯಿಗಳ ತಂಟೆಗೆ ಹೋಗುವ ಪಡಖಾನೆಯ ವೀರರ ತಲೆಗೆ ಪಿಕಾಸಿಯಿಂದ ಬಿಗಿಯಬೇಕು ಎಂದೂ ಅವರು ಹೇಳಿದ್ದುಂಟು.

ಮನೆಯ ಜಗಲಿಯ ಮೇಲೆ ಸ್ಟಿಲ್‌ವೆಲ್ ಕಜುವೊನ ಪದಕವನ್ನು ಮೇರಿಯ ಎದೆಗೆ ಚುಚ್ಚಿದರು. ತಿಂಗಳುಗಳ ಹಿಂದೆ ಊರು ಬಿಡು ಎಂದು ಬೆದರಿಸಿಕೊಂಡವಳು ಅವಳೇ. ಸೇನೆ ಈ ಸಮಾರಂಭವನ್ನು ಯಾವುದೋ ಕವಾಯತು ಮೈದಾನದಲ್ಲಿ ಮುಗಿಸದೆ ಆ ಜಗಲಿಗೇ ತಂದದ್ದು ಸರಿಯಾದ ನಿರ್ಧಾರವೆಂದು ನನಗೆ ಅನ್ನಿಸುತ್ತದೆ. ಊರಿಗೆ ಅದು ಕಾಣಬೇಕಿತ್ತು. ಅದೇ ದಿನ ಸಾಂತಾ ಆನಾದ ಮೈದಾನದಲ್ಲಿ ಸಭೆ ನಡೆಯಿತು. ಹಾಲಿವುಡ್ಡಿನ ಕೆಲವು ನಟರು ಬಂದಿದ್ದರು. ಅವರಲ್ಲಿ ಸೇನೆಯ ಕ್ಯಾಪ್ಟನ್ ಆಗಿದ್ದ ಒಬ್ಬ ಯುವ ನಟ ಮಾತಾಡಿ, ಮರಳಿನಲ್ಲಿ ಇಂಗಿದ ರಕ್ತಕ್ಕೆ ಒಂದೇ ಬಣ್ಣ ಎಂದ.

ಆದರೂ ಮೂರು ವರ್ಷದ ಮೇಲೆ ಸ್ಮಶಾನ ಇಲ್ಲ ಎಂದಿತು. ಪದಕ ಬಂದರೂ, ಜನರಲ್ ಬಂದರೂ, ಪತ್ರಿಕೆಯಲ್ಲಿ ಚಿತ್ರ ಬಂದರೂ ಕರಾರುಪತ್ರ ಹಾಗೇ ಇತ್ತು. ಇಂಥ ಜನಾಂಗದ ಕರಾರುಗಳನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ 1948ರ ಮೇ ತಿಂಗಳಲ್ಲಿ ಹೇಳಿತ್ತು. ಜೂನ್ 4ರಂದು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಮೊದಲ ಬಾರಿಗೆ ಇಬ್ಬರು ನಿಸೇಯಿಗಳನ್ನು, ಫುಮಿಟಾಕೆ ನಗಾಟೊ ಮತ್ತು ಸಬುರೊ ತನಮಾಚಿಯನ್ನು, ಪೂರ್ಣ ಗೌರವದಿಂದ ಮಣ್ಣು ಮಾಡಲಾಗಿತ್ತು. ದೇಶದ ರಾಜಧಾನಿಯ ಪಕ್ಕದಲ್ಲಿ ಸಿಕ್ಕ ಜಾಗ ಹುಟ್ಟೂರಿನ ಪಕ್ಕದಲ್ಲಿ ಸಿಗಲಿಲ್ಲ. ಇಟಲಿಯಲ್ಲಿ ಸೇನೆಯನ್ನು ನಡೆಸಿದ್ದ ಜನರಲ್ ಮಾರ್ಕ್ ಕ್ಲಾರ್ಕ್ ಪ್ರತಿಭಟಿಸಿದರು, ಪತ್ರಿಕೆಗಳು ಬರೆದವು. ಕೊನೆಗೆ ವೆಸ್ಟ್‌ಮಿನ್‌ಸ್ಟರ್ ಸ್ಮಶಾನ ಮಣಿಯಿತು. ಕಜುವೊ ಅಲ್ಲೇ ಇದ್ದಾನೆ.

ಸತ್ತವನಿಗೆ ಹೀಗಾದರೆ ಬದುಕಿ ಬಂದವರ ಕಥೆ ಏನು? 442ನೇ ಪಡೆಯ ಯೋಧರು ಪೋಸ್ಟುಗಳ ಬಾಗಿಲು ತಟ್ಟಿದಾಗ ಹಲವು ಕಡೆ ಒಳಗೆ ಬಿಟ್ಟುಕೊಳ್ಳಲಿಲ್ಲ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಗಾಯಗೊಂಡು ಬಂದ ಒಬ್ಬ ನಿಸೇಯಿಯ ಅರ್ಜಿಯನ್ನು ವಿಎಫ್‌ಡಬ್ಲ್ಯು ಪೋಸ್ಟ್ ತಿರಸ್ಕರಿಸಿದ್ದು ದೇಶವಿಡೀ ಸುದ್ದಿಯಾಯಿತು. ಕ್ಯಾಲಿಫೋರ್ನಿಯಾದ ಪೋಸ್ಟುಗಳಲ್ಲೂ ಇದೇ ಹಾಡು. ಕೊನೆಗೆ ಸಂಘಟನೆ ಒಂದು ದಾರಿ ತೆರೆಯಿತು: ನಿಮ್ಮದೇ ಪೋಸ್ಟ್ ಮಾಡಿಕೊಳ್ಳಿ. 1947ರಲ್ಲಿ ಸ್ಯಾಕ್ರಮೆಂಟೊದಲ್ಲಿ 8985ನೇ ಪೋಸ್ಟ್ ಮೊದಲ ನಿಸೇಯಿ ಪೋಸ್ಟಾಗಿ ಸನ್ನದು ಪಡೆಯಿತು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಇಂಥ 14 ಪೋಸ್ಟುಗಳಾದವು. ಆರೆಂಜ್ ಕೌಂಟಿಯದು ಅವುಗಳಲ್ಲೊಂದು.

ಇದು ನ್ಯಾಯವಾಗಿರಲಿಲ್ಲ, ಬೇರೆ ಪಂಕ್ತಿ ಹಾಕಿಸಿ ಕೂರಿಸಿದಂತೆಯೇ ಇತ್ತು. ಆದರೆ ಆ ಯೋಧರು ಅದನ್ನು ತಮ್ಮದಾಗಿಸಿಕೊಂಡ ರೀತಿ ದೊಡ್ಡದು. ಬೇರೆ ಪೋಸ್ಟುಗಳಿಗೆ ಇದ್ದ ಸನ್ನದೇ ಇವರದೂ, ಅದೇ ಟೋಪಿ, ಅದೇ ಬಾವುಟ, ಹೆಸರು ಆರಿಸುವ ಅದೇ ಹಕ್ಕು. ಲಾಸ್ ಏಂಜಲೀಸಿನ ನಿಸೇಯಿಗಳು ತಮ್ಮ ಲೀಜನ್ ಪೋಸ್ಟಿಗೆ ಸಡಾವೊ ಮುನೆಮೊರಿಯ ಹೆಸರಿಟ್ಟರು. ಅವನು 1945ರ ಏಪ್ರಿಲ್ 5ರಂದು ಇಟಲಿಯ ಸೆರಾವೆಝ್ಝಾ ಬಳಿ, ತನ್ನ ಹೆಲ್ಮೆಟ್ಟಿಗೆ ಬಡಿದು ಇಬ್ಬರು ಸಂಗಾತಿಗಳತ್ತ ಉರುಳಿದ ಗ್ರೆನೇಡಿನ ಮೇಲೆ ತಾನೇ ಬಿದ್ದು ಅವರನ್ನು ಉಳಿಸಿದವನು. ಅವನ ತಾಯಿಯನ್ನು ಕೂಡಿಹಾಕಿದ್ದು ಮಾಂಜನಾರ್ ಶಿಬಿರದಲ್ಲಿ. ಆರೆಂಜ್ ಕೌಂಟಿಯವರು ಬೇರೆ ಯಾರನ್ನಾದರೂ ಆರಿಸಬಹುದಿತ್ತು, ಜಗಳಕ್ಕೆ ಎಡೆಕೊಡದ ಯಾವುದಾದರೂ ಹೆಸರು. ಅವರು ಆರಿಸಿದ್ದು ಸ್ಮಶಾನದ ಗೇಟಿನಲ್ಲಿ ನಿಲ್ಲಿಸಿದವನ ಹೆಸರನ್ನು. ಸರ್ಕಾರದ ಕಾಗದ, ಪೋಸ್ಟಿನ ಮೆರವಣಿಗೆ, ಶವಸಂಸ್ಕಾರಕ್ಕೆ ಹೋದಾಗ ತೊಟ್ಟ ಟೋಪಿ, ಎಲ್ಲದರ ಮೇಲೂ ಊರಿನವರು ಅದನ್ನೇ ಓದಬೇಕಾಯಿತು. 1975ರಲ್ಲಿ ಫೌಂಟನ್ ವ್ಯಾಲಿಯ ಒಂದು ಶಾಲೆಗೂ ಮಸುಡಾ ಹೆಸರು ಬಂತು.

ಶಿಬಿರಗಳಿಗೆ ದೇಶ ಕ್ಷಮೆ ಕೇಳಿ ಪರಿಹಾರ ಕೊಡಬೇಕೆಂಬ ಮಸೂದೆ 1980ರ ದಶಕದಲ್ಲಿ ಸಂಸತ್ತಿನ ಮುಂದಿದ್ದಾಗ ಅಧ್ಯಕ್ಷರ ಕಡೆಯಿಂದ ಉತ್ಸಾಹವಿರಲಿಲ್ಲ. ಕಜುವೊನ ಇನ್ನೊಬ್ಬ ತಂಗಿ ಜೂನ್ ಮಸುಡಾ ಗೋಟೊ ಅಧ್ಯಕ್ಷರಿಗೆ ಒಂದು ಪತ್ರ ಬರೆದರು. ಅದು ನ್ಯೂಜೆರ್ಸಿಯ ಗವರ್ನರ್ ಥಾಮಸ್ ಕೀನ್ ಮೂಲಕ ಶ್ವೇತಭವನ ಸೇರಿತು. 1945ರ ಡಿಸೆಂಬರಿನ ಆ ದಿನವನ್ನು ಪತ್ರ ನೆನಪಿಸಿತ್ತು. 1988ರ ಆಗಸ್ಟ್ 10ರಂದು ಅಧ್ಯಕ್ಷರು ಕಾಯ್ದೆಗೆ ಸಹಿ ಹಾಕಿದರು: ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್, ಜೊತೆಗೆ ದೇಶದ ಕ್ಷಮಾಪಣೆ. ಆ ದಿನದ ಭಾಷಣದಲ್ಲಿ ಅವರು ಹಳೆಯ ಪತ್ರಿಕಾ ವರದಿಯೊಂದನ್ನು ತೆಗೆದು, ಮಸುಡಾ ಕುಟುಂಬದ ಜಗಲಿಯ ಕಥೆ, ಸಾಂತಾ ಆನಾದ ಸಭೆ, ಅಲ್ಲಿ ಮಾತಾಡಿದ ಯುವ ನಟನ ಮಾತು ಎಲ್ಲವನ್ನೂ ಹೇಳಿ, ಕೊನೆಗೆ ಆ ನಟನ ಹೆಸರು ಓದಿದರು. ರೊನಾಲ್ಡ್ ರೇಗನ್. ಸಹಿ ಹಾಕಿದವರೂ ಅವರೇ.

ಆ ಕಾಯ್ದೆ ಬರುವ ಹೊತ್ತಿಗೆ ಎಷ್ಟೋ ಇಸ್ಸೇಯಿಗಳು ಹೋಗಿಬಿಟ್ಟಿದ್ದರು. ಮನೆ, ಹೊಲ, ಅಂಗಡಿ ಕಳೆದುಕೊಂಡದ್ದು ಅವರು. ಕ್ಷಮೆ ಕೇಳಿಸಿಕೊಂಡದ್ದು ಬಹುಮಟ್ಟಿಗೆ ಅವರ ಮಕ್ಕಳು.

442ನೇ ಪಡೆಯ ತಲೆಮಾರು ಈಗ ಮುಗಿಯುತ್ತ ಬಂದಿದೆ, ನಿಸೇಯಿ ಪೋಸ್ಟುಗಳ ಸಂಖ್ಯೆಯೂ ಕುಗ್ಗಿದೆ. 3670ನೇ ಪೋಸ್ಟನ್ನು ಮುಂದಕ್ಕೆ ನಡೆಸಿದ್ದು ಕೊರಿಯಾ, ವಿಯೆಟ್ನಾಂ ಯುದ್ಧಗಳಿಂದ ಬಂದವರು. ಅದರ ಕಮಾಂಡರ್ ಆಗಿದ್ದವರಲ್ಲಿ ಒಬ್ಬರು ವಯೋಮಿಂಗಿನ ಹಾರ್ಟ್ ಮೌಂಟನ್ ಶಿಬಿರದಲ್ಲಿ ಬಾಲ್ಯ ಕಳೆದು, ಮುಂದೆ ಕೊರಿಯಾ ಯುದ್ಧದಲ್ಲಿ ಗುಪ್ತಚರ ವಿಭಾಗದಲ್ಲಿ ದುಡಿದವರು. ಅಂಥವರು ಶಾಲೆಗಳಿಗೆ ಹೋಗಿ ಮಕ್ಕಳೆದುರು ಶಿಬಿರದ ಕಥೆ ಹೇಳುತ್ತಾರೆ. ಹೊರದೇಶದ ಯುದ್ಧದಲ್ಲಿ ಸೇವೆ ಸಲ್ಲಿಸಿದವರು ಯಾವ ಮೂಲದವರಾದರೂ ಈ ಪೋಸ್ಟಿಗೆ ಸೇರಬಹುದು.